ತಡವಾಗಿ ಬಂದಿರಿ ಎನ್ನುವ ಮೊದಲು

ಹಳ್ಳಿಯಿಂದ ಮಗನನ್ನು ಕರೆದುಕೊಂಡು ದೊಡ್ಡ ಆಸ್ಪತ್ರೆಗೆ ಹೋದ ತಂದೆಗೆ ಅಲ್ಲಿ ಮೊದಲು ಎದುರಾಗುವ ಪ್ರಶ್ನೆ, "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಹುಡುಗನ ಮೊಣಕಾಲಿನ ಮೇಲೆ ಬಾವು ಎದ್ದು ನಿಂತಿದೆ. ಚರ್ಮ ಬಿಗಿದು ಹೊಳೆಯುತ್ತಿದೆ, ನರಗಳು ನೀಲಿಯಾಗಿ ಕಾಣುತ್ತಿವೆ. ತಂದೆ ಉತ್ತರ ಕೊಡುವುದಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಲ್ಲುತ್ತಾನೆ. ಆ ಮೌನವನ್ನು ಸುತ್ತಲಿನವರು ತಪ್ಪೊಪ್ಪಿಗೆ ಎಂದೇ ಓದಿಕೊಳ್ಳುತ್ತಾರೆ.

ನಮ್ಮಲ್ಲಿ ಬೇರೂರಿರುವ ಅಭಿಪ್ರಾಯವೂ ಅದೇ. ಹಳ್ಳಿಯವರು ಅಜ್ಞಾನಿಗಳು, ಮೊದಲು ಎಲುಬು ಕಟ್ಟುವವನ ಹತ್ತಿರ ಹೋಗುತ್ತಾರೆ, ಹರಕೆ ಹೊರುತ್ತಾರೆ, ಸೂಜಿ ಚುಚ್ಚಿದರೆ ರೋಗ ಹಬ್ಬುತ್ತದೆ ಎಂದು ಹೆದರುತ್ತಾರೆ, ಕೈಮೀರಿದ ಮೇಲೆ ಬರುತ್ತಾರೆ. ಆರೋಗ್ಯದ ಅಂಕಣಗಳಲ್ಲಿ, ಫೆಬ್ರುವರಿ 4ರ ಕ್ಯಾನ್ಸರ್ ದಿನದ ವೇದಿಕೆಗಳಲ್ಲಿ ವರ್ಷವರ್ಷವೂ ಕೇಳುವ ಮಾತು ಇದು. ಎಲುಬಿನ ಕ್ಯಾನ್ಸರ್ ಮಟ್ಟಿಗೆ ಈ ಮಾತು ತಪ್ಪು ಎಂಬುದು ನನ್ನ ವಾದ. ಅದು ತಪ್ಪು ಎಂಬುದಕ್ಕಿಂತ ಹೆಚ್ಚಾಗಿ, ಅದರಿಂದ ಹಾನಿಯಾಗುತ್ತಿದೆ. ತಡ ಎಲ್ಲಿ ಆಯಿತು ಎಂದು ಹುಡುಕಬೇಕಾದವರು ತಂದೆಯ ಮುಖ ನೋಡಿ ಹುಡುಕಾಟ ನಿಲ್ಲಿಸುತ್ತಾರೆ.

ಸಾಯಗಾಂವ ಭಾಲ್ಕಿ ತಾಲೂಕಿನ ಒಂದು ಹೋಬಳಿ. ಮಹಾರಾಷ್ಟ್ರದ ಗಡಿ ಹತ್ತಿರ. ಮನೆಯಲ್ಲಿ ಕನ್ನಡ, ಬಾಜಾರಿನಲ್ಲಿ ಮರಾಠಿ, ಬಸ್ಸಿನಲ್ಲಿ ದಖನಿ ಉರ್ದು ಎನ್ನುವಂತೆ ಬದುಕುವ ಸೀಮೆ. ಸೋಯಾ, ಉದ್ದು, ತೊಗರಿ, ಕಡಲೆ, ನೀರಿದ್ದವರಿಗೆ ಕಬ್ಬು. ಇಂಥ ಊರಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಾನು ಹೇಳುವುದು ಒಂದೇ ಮನೆಯ ಕಥೆಯಲ್ಲ, ಆದ್ದರಿಂದ ಹೆಸರು ಬೇಡ. ಹುಡುಗನಿಗೆ 18 ಅಥವಾ 19 ವರ್ಷ. ಪೊಲೀಸ್ ಭರ್ತಿಗೆಂದು ನಸುಕಿನಲ್ಲಿ ಎದ್ದು ಡಾಂಬರು ರಸ್ತೆಯ ಮೇಲೆ ಓಡುತ್ತಾನೆ, ಸಂಜೆ ಕಬಡ್ಡಿ ಆಡುತ್ತಾನೆ. ಒಂದು ದಿನ ಮೊಣಕಾಲು ನೋಯತೊಡಗುತ್ತದೆ. ಓಡುವ ಹುಡುಗನ ಮೊಣಕಾಲು ನೋಯುವುದರಲ್ಲಿ ವಿಶೇಷವೇನಿದೆ? "ಆಟದಾಗ ಪೆಟ್ಟ ಬಿದ್ದಾದ, ಎಣ್ಣಿ ಹಚ್ಚು" ಎನ್ನುತ್ತಾಳೆ ಅವ್ವ. ನೂರು ಸಲದಲ್ಲಿ ತೊಂಬತ್ತೊಂಬತ್ತು ಸಲಕ್ಕಿಂತ ಹೆಚ್ಚು ಬಾರಿ ಅವಳ ಮಾತೇ ಸರಿ.

ಇಲ್ಲಿಯೇ ನಾವು ಎಡವುವುದು. ಎಲುಬಿನ ಕ್ಯಾನ್ಸರ್‌ಗಳಲ್ಲಿ ಹದಿಹರೆಯದವರನ್ನು ಹೆಚ್ಚು ಹಿಡಿಯುವುದು ಆಸ್ಟಿಯೋಸಾರ್ಕೋಮಾ. ಎಲುಬು ಭರದಿಂದ ಬೆಳೆಯುವ ಜಾಗಗಳಲ್ಲೇ ಅದು ಹುಟ್ಟುತ್ತದೆ. ತೊಡೆಯ ಎಲುಬಿನ ಕೆಳತುದಿ, ಕಣಕಾಲಿನ ಎಲುಬಿನ ಮೇಲ್ತುದಿ, ಅಂದರೆ ಮೊಣಕಾಲಿನ ಆಚೀಚೆ ಮತ್ತು ಭುಜದ ಹತ್ತಿರ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಮೂರರಿಂದ ಐದು ಮಂದಿಗೆ ಬರುವ ಅಪರೂಪದ ರೋಗ ಅದು. 2011ರ ಜನಗಣತಿಯಲ್ಲಿ ಬೀದರ ಜಿಲ್ಲೆಯ ಜನಸಂಖ್ಯೆ ಸುಮಾರು 17 ಲಕ್ಷ. ಆ ಲೆಕ್ಕ ಹಿಡಿದರೆ ಇಡೀ ಜಿಲ್ಲೆಯಲ್ಲಿ ವರ್ಷಕ್ಕೆ ಐದೋ ಎಂಟೋ ಮಂದಿ. ಊರಿನ ಡಾಕ್ಟರರೊಬ್ಬರು ತಮ್ಮ ಇಡೀ ವೃತ್ತಿಜೀವನದಲ್ಲಿ ಒಂದು ಪ್ರಕರಣ ನೋಡಿದರೆ ಹೆಚ್ಚು. ಎಂ.ಬಿ.ಬಿ.ಎಸ್. ಓದಿದವರು ಒಮ್ಮೆಯೂ ಕಾಣದ ರೋಗವನ್ನು ತಾಯಿಯೊಬ್ಬಳು ಮೊದಲ ನೋಟಕ್ಕೇ ಗುರುತಿಸಬೇಕಿತ್ತು ಎಂದು ನಿರೀಕ್ಷಿಸುವುದು ಯಾವ ನ್ಯಾಯ?

ಅಜ್ಞಾನದ ಮಾತು ಆಡುವವರ ಮುಂದೆ ನಾನು ಒಂದು ದಾಖಲಾದ ಪ್ರಕರಣ ಇಡುತ್ತೇನೆ. ಅದು ನಮ್ಮ ಸೀಮೆಯದಲ್ಲ, ಕೆನಡಾದ್ದು. ಟೆರ್ರಿ ಫಾಕ್ಸ್ ಹುಟ್ಟಿದ್ದು 1958ರಲ್ಲಿ. ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ, ಬಾಸ್ಕೆಟ್‌ಬಾಲ್ ಆಡುತ್ತಿದ್ದ. 1976ರ ನವೆಂಬರಿನಲ್ಲಿ ಅವನ ಕಾರು ಅಪಘಾತಕ್ಕೆ ಸಿಕ್ಕಿತು, ಬಲ ಮೊಣಕಾಲಿಗೆ ಪೆಟ್ಟಾಯಿತು. ಡಿಸೆಂಬರಿನಲ್ಲಿ ನೋವು ಮರುಕಳಿಸಿದಾಗ, ಆಟದ ಋತು ಮುಗಿಯಲಿ ಎಂದು ಸುಮ್ಮನಾದ. ನೋವು ತಾಳಲಾರದೆ ಆಸ್ಪತ್ರೆಗೆ ಹೋದದ್ದು 1977ರ ಮಾರ್ಚಿನಲ್ಲಿ. ಆಸ್ಟಿಯೋಸಾರ್ಕೋಮಾ ಎಂದು ತಿಳಿಯಿತು, ಮೊಣಕಾಲಿನ ಮೇಲೆ ಕಾಲು ಕತ್ತರಿಸಿದರು. ಅಪಘಾತವೇ ಕಾಲನ್ನು ದುರ್ಬಲಗೊಳಿಸಿ ರೋಗಕ್ಕೆ ಎಡೆಮಾಡಿತು ಎಂದು ಅವನು ನಂಬಿದ್ದ. ವೈದ್ಯರು ಸಂಬಂಧವಿಲ್ಲ ಎಂದಿದ್ದರು. ಮುಂದೆ 1980ರಲ್ಲಿ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಅವನು ಒಂದು ಕೃತಕ ಕಾಲಿನ ಮೇಲೆ 143 ದಿನ, 5,373 ಕಿಲೋಮೀಟರ್ ಓಡಿದ. ರೋಗ ಪುಪ್ಪುಸಕ್ಕೆ ಹಬ್ಬಿದ್ದರಿಂದ ಸೆಪ್ಟೆಂಬರ್ 1ರಂದು ಓಟ ನಿಲ್ಲಿಸಿದ. 1981ರ ಜೂನ್ 28ರಂದು ತೀರಿಕೊಂಡ, 23 ತುಂಬುವುದಕ್ಕೆ ಒಂದು ತಿಂಗಳಿತ್ತು.

ಪೆಟ್ಟು ಬಿದ್ದದ್ದಕ್ಕೆ ನೋವು ಎಂದು ನಂಬಿದ್ದು, ಆಟ ಮುಗಿಯಲಿ ಎಂದು ಕಾದದ್ದು, ತಿಂಗಳುಗಳು ಕಳೆದದ್ದು, ಎಲ್ಲವೂ ನಮ್ಮ ಸಾಯಗಾಂವದ ಹುಡುಗನ ಹಾಗೆಯೇ ನಡೆದಿದೆ. ಟೆರ್ರಿಯನ್ನು ಯಾರೂ ಅಜ್ಞಾನಿ ಎನ್ನಲಿಲ್ಲ, ಎನ್ನಲೂಬಾರದು. ಪೆಟ್ಟಿನ ನಂತರ ಬರುವ ನೋವಿಗೆ ಪೆಟ್ಟೇ ಕಾರಣ ಎಂದುಕೊಳ್ಳುವುದು ಮನುಷ್ಯನ ಸಹಜ ತರ್ಕ. ಅದಕ್ಕೆ ಊರು, ಜಾತಿ, ಓದು ಎಂಬ ಭೇದವಿಲ್ಲ. ಓದಿದವರ ದೇಶದಲ್ಲಿ ಅದನ್ನು ದುರದೃಷ್ಟ ಎನ್ನುತ್ತಾರೆ, ಭಾಲ್ಕಿ ತಾಲೂಕಿನಲ್ಲಿ ಅಜ್ಞಾನ ಎನ್ನುತ್ತಾರೆ.

ಎಲುಬು ಕಟ್ಟುವವನ ವಿಷಯಕ್ಕೆ ಬರುತ್ತೇನೆ. ಅವನ ಹತ್ತಿರ ಹೋಗುವುದರಿಂದ ಹಾನಿಯಿಲ್ಲ ಎಂದು ನಾನು ಹೇಳಲಾರೆ. ಗಡ್ಡೆ ಇರುವ ಕಾಲನ್ನು ತಿಕ್ಕಬಾರದು, ಎಳೆಯಬಾರದು. ಒಳಗೆ ಟೊಳ್ಳಾದ ಎಲುಬು ಮುರಿದೀತು. ಮುರಿದರೆ ಕಾಲು ಉಳಿಸುವ ಶಸ್ತ್ರಚಿಕಿತ್ಸೆ ಕಷ್ಟವಾಗುತ್ತದೆ. ಇದನ್ನು ಗಟ್ಟಿಯಾಗಿ ಹೇಳಲೇಬೇಕು. ಆದರೆ ಆ ಹುಡುಗ ಅದೇ ತಿಂಗಳುಗಳಲ್ಲಿ ಡಾಕ್ಟರರ ಹತ್ತಿರವೂ ಹೋಗಿರುತ್ತಾನೆ. ಮೊದಲ ಸಲ ನೋವಿನ ಗೋಳಿ ಮತ್ತು ಒಂದು ಇಂಜೆಕ್ಷನ್. ಎರಡನೆಯ ಸಲ ಇನ್ನೂ ಜೋರಾದ ಗೋಳಿ, ಮೂರನೆಯ ಸಲ "ಕ್ಯಾಲ್ಸಿಯಂ ಕಡಿಮೆ ಅದ" ಎಂಬ ಮಾತು. ಪ್ರತಿ ಸಲವೂ ಫೀಸು, ಔಷಧದ ಬಿಲ್ಲು, ಒಂದು ದಿನದ ಕೂಲಿ. ಎಲುಬು ಕಟ್ಟುವವನು ತೆಗೆದುಕೊಂಡ ದಿನಗಳನ್ನು ಎಲ್ಲರೂ ಎಣಿಸುತ್ತಾರೆ. ಗೋಳಿ ಬರೆದುಕೊಟ್ಟು ಕಳೆದ ದಿನಗಳನ್ನು ಯಾರೂ ಎಣಿಸುವುದಿಲ್ಲ.

ಈ ರೋಗದ ಸಂಶಯ ಬರಲು ದುಬಾರಿ ಯಂತ್ರ ಬೇಕಿಲ್ಲ. ಸಾದಾ ಎಕ್ಸ್‌ರೇ ಸಾಕು, ಮುಂದಿನಿಂದ ಒಂದು, ಪಕ್ಕದಿಂದ ಒಂದು. ಬಹುಪಾಲು ಸಂದರ್ಭಗಳಲ್ಲಿ ಎಲುಬಿನ ಅಂಚು ಕೆಟ್ಟಿರುವುದು, ಹೊರಗೆ ಸೂರ್ಯನ ಕಿರಣಗಳ ಹಾಗೆ ಹೊಸ ಎಲುಬು ಚಿಮ್ಮಿರುವುದು ಅದರಲ್ಲೇ ಕಾಣುತ್ತದೆ. ಕೆಲವು ನೂರು ರೂಪಾಯಿಯ ಚಿತ್ರ. ಅದನ್ನು ತೆಗೆಸಲು ಯಾರು ಹೇಳಬೇಕಿತ್ತು? ತೊಗರಿ ಬಿತ್ತುವ ತಂದೆಯೋ, ಲೆಟರ್‌ಹೆಡ್ಡಿನ ಮೇಲೆ ಗೋಳಿ ಬರೆದವರೋ? ಇದನ್ನು ಯಾವ ಡಾಕ್ಟರರನ್ನೂ ದೂರಲು ಕೇಳುತ್ತಿಲ್ಲ. ದಿನಕ್ಕೆ ನೂರು ರೋಗಿ ನೋಡುವ ತಾಲೂಕು ಆಸ್ಪತ್ರೆಯಲ್ಲಿ ಪ್ರತಿ ಮೊಣಕಾಲು ನೋವಿಗೂ ಕ್ಯಾನ್ಸರ್ ನೆನಪಾಗುವುದಿಲ್ಲ ಎಂದು ಬಲ್ಲೆ. ಆದರೆ ಡಾಕ್ಟರರ ಮರೆವಿಗೆ ನಾವು ಕೊಡುವ ರಿಯಾಯಿತಿಯನ್ನು ತಂದೆಗೂ ಕೊಡಬೇಕು.

ಇನ್ನು ಸೂಜಿಯ ಭಯ. ಕತ್ತರಿ ತಾಗಿದರೆ ಕ್ಯಾನ್ಸರ್ ಹಬ್ಬುತ್ತದೆ ಎಂಬುದು ಮೂಢನಂಬಿಕೆಯ ಪಟ್ಟಿಯಲ್ಲಿ ಮೊದಲು ಬರುತ್ತದೆ. ಗಡ್ಡೆಯ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ ಇಲ್ಲದೆ ರೋಗ ಖಚಿತವಾಗುವುದಿಲ್ಲ, ಖಚಿತವಾಗದೆ ಚಿಕಿತ್ಸೆ ಶುರುವಾಗುವುದಿಲ್ಲ. ಸರಿಯಾಗಿ ಮಾಡಿದ ಬಯಾಪ್ಸಿಯಿಂದ ಹೆದರಬೇಕಿಲ್ಲ. ಇದರಲ್ಲಿ ಎರಡು ಮಾತಿಲ್ಲ. ಆದರೆ ಎಲುಬಿನ ಗಡ್ಡೆಯ ವಿಷಯದಲ್ಲಿ "ಸರಿಯಾಗಿ" ಎಂಬ ಪದಕ್ಕೆ ಇರುವ ತೂಕವನ್ನು ಜಾಗೃತಿ ಭಾಷಣಗಳು ಹೇಳುವುದಿಲ್ಲ. ಸೂಜಿ ಹೋದ ದಾರಿಯಲ್ಲಿ ರೋಗದ ಕಣ ಉಳಿಯಬಹುದು. ಆದ್ದರಿಂದ ಮುಂದೆ ದೊಡ್ಡ ಆಪರೇಷನ್ ಮಾಡುವ ಸರ್ಜನ್ನರೇ ಆ ದಾರಿಯನ್ನು ಗೊತ್ತುಮಾಡಬೇಕು, ಗಡ್ಡೆಯ ಜೊತೆಗೆ ಅದನ್ನೂ ತೆಗೆಯಬೇಕು. ಕೀವು ತುಂಬಿದೆ ಎಂದೋ ಎಲುಬಿನ ಟಿ.ಬಿ. ಎಂದೋ ತಿಳಿದು ಊರಿನ ಹತ್ತಿರದ ಆಸ್ಪತ್ರೆಯೊಂದರಲ್ಲಿ ಉದ್ದಕ್ಕೆ ಕೊಯ್ದು ಕೆರೆದುಬಿಟ್ಟರೆ, ಉಳಿಸಬಹುದಾಗಿದ್ದ ಕಾಲು ಉಳಿಯದೆ ಹೋಗಬಹುದು.

ಇದು ನನ್ನ ಊಹೆಯಲ್ಲ. ಅಮೆರಿಕದ ಹೆನ್ರಿ ಮ್ಯಾನ್ಕಿನ್ ಮತ್ತು ಸಂಗಡಿಗರು 1996ರಲ್ಲಿ 597 ರೋಗಿಗಳ ಬಯಾಪ್ಸಿಗಳನ್ನು ಪರಿಶೀಲಿಸಿದ ಲೇಖನ ಪ್ರಕಟಿಸಿದರು. ಮೊದಲು ನೋಡಿ ಮುಂದೆ ಕಳಿಸುವ ಆಸ್ಪತ್ರೆಯಲ್ಲೇ ಬಯಾಪ್ಸಿ ಮಾಡಿದಾಗ ತಪ್ಪು, ತೊಡಕು ಮತ್ತು ಚಿಕಿತ್ಸೆಯ ದಾರಿ ಬದಲಾಗುವುದು ಎರಡರಿಂದ ಹನ್ನೆರಡು ಪಟ್ಟು ಹೆಚ್ಚು ಎಂದು ಅವರು ಕಂಡುಕೊಂಡರು. ಬಯಾಪ್ಸಿಯ ತೊಂದರೆಯಿಂದಾಗಿ 18 ಮಂದಿಯ ಕೈಕಾಲುಗಳನ್ನು ಅನಗತ್ಯವಾಗಿ ಕತ್ತರಿಸಬೇಕಾಗಿ ಬಂದಿತ್ತು. ಅಮೆರಿಕದಲ್ಲಿ! ಸಾಯಗಾಂವದ ಅಜ್ಜಿ "ಅಲ್ಲಿ ಕೊಯ್ಯಬ್ಯಾಡ್ರಿ" ಎಂದಾಗ ಅವಳ ಕಾರಣ ತಪ್ಪಿರಬಹುದು, ಎಚ್ಚರ ತಪ್ಪಲ್ಲ. ಅವಳ ಭಯವನ್ನು ನಗೆಯಿಂದ ತಳ್ಳಿಹಾಕುವ ಬದಲು, "ಅವ್ವಾ, ಇಲ್ಲಿ ಕೊಯ್ಯೋದಿಲ್ಲ, ಎಲ್ಲಿ ಕೊಯ್ಯಬೇಕೋ ಅಲ್ಲಿಗೇ ಕಳಸ್ತೀವಿ" ಎಂದು ಹೇಳುವವರು ಬೇಕು.

ಕಳಿಸುವುದು ಎಲ್ಲಿಗೆ? ಸಾಯಗಾಂವದಿಂದ ಭಾಲ್ಕಿ, ಭಾಲ್ಕಿಯಿಂದ ಸುಮಾರು 40 ಕಿಲೋಮೀಟರ್ ಬೀದರ. ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬ್ರಿಮ್ಸ್ ಇದೆ. ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖಾ ಕೇಂದ್ರ ಇದೆ. ಹೈದರಾಬಾದಿನಲ್ಲಿ ಸರ್ಕಾರಿ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ, ಬಸವತಾರಕಂ ಆಸ್ಪತ್ರೆ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ ಹೆಸರಿನ ಆಸ್ಪತ್ರೆ. ಮುಂಬೈಯ ಪರೇಲಿನಲ್ಲಿ 1941ರಿಂದ ಇರುವ ಟಾಟಾ ಸ್ಮಾರಕ ಆಸ್ಪತ್ರೆ. ಬೀದರಿನಿಂದ ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಕಿದ್ವಾಯಿ. ನಮ್ಮ ಸೀಮೆಯವರಿಗೆ ತಮ್ಮ ರಾಜ್ಯದ ರಾಜಧಾನಿಯೇ ಎಲ್ಲಕ್ಕಿಂತ ದೂರ. ಹೈದರಾಬಾದ್ 140 ಕಿಲೋಮೀಟರಿನಷ್ಟು ಹತ್ತಿರ, ಆದರೆ ಬೇರೆ ರಾಜ್ಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ, ಆದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ಎಲುಬಿನ ಕ್ಯಾನ್ಸರ್‌ನ ಸರ್ಜನ್, ಕೀಮೋ ಕೊಡುವ ವೈದ್ಯರು, ರೋಗಪರೀಕ್ಷಕರು ಮೂವರೂ ಒಟ್ಟಿಗೆ ಕೂತು ಯೋಚಿಸುತ್ತಾರೆ ಎಂಬುದನ್ನು ಚೀಟಿಯ ಮೇಲೆ ಬರೆದುಕೊಡುವವರು ಇಲ್ಲ. "ಮುಂದ ತೋರಿಸ್ರಿ" ಎನ್ನುತ್ತಾರೆ. ಮುಂದೆ ಎಂದರೆ ಎಲ್ಲಿ? ಇಂಗ್ಲಿಷಿನ ವರದಿಯಲ್ಲಿ ರೋಗದ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಆ ಚಿಹ್ನೆಯನ್ನು ಹಿಡಿದುಕೊಂಡು ಕುಟುಂಬ ಮೂರು ರಾಜ್ಯ ಸುತ್ತುತ್ತದೆ.

ಹಳ್ಳಿಯವರು ದಾರಿ ಇದ್ದರೆ ಹೋಗುತ್ತಾರೆ. ಇದಕ್ಕೆ ನಮ್ಮ ವಿಭಾಗದಿಂದಲೇ ಹೊರಟ ಪುರಾವೆ ಇದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಜಾರಿಯಾದದ್ದು ಗುಲ್ಬರ್ಗಾ (ಈಗಿನ ಕಲಬುರಗಿ) ವಿಭಾಗದಲ್ಲಿ, ಬೀದರ ಸೇರಿ. ಹೃದಯರೋಗ, ಕ್ಯಾನ್ಸರ್‌ನಂಥ ದೊಡ್ಡ ರೋಗಗಳಿಗೆ ಬಡವರಿಗೆ ಪುಕ್ಕಟೆ ಚಿಕಿತ್ಸೆ. ಹಳ್ಳಿಗಳ ಕಡೆ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸಿ ನಗರದ ಆಸ್ಪತ್ರೆಗೆ ಕಳಿಸುತ್ತಿದ್ದರು. ಯೋಜನೆ ಇದ್ದ 300 ಹಳ್ಳಿಗಳನ್ನೂ ಅವುಗಳ ನೆರೆಯಲ್ಲೇ ಯೋಜನೆ ಇನ್ನೂ ಮುಟ್ಟದ 272 ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಬೀದರಿನ ಹಳ್ಳಿಗಳಲ್ಲ, ಯೋಜನೆಯ ಗಡಿಯ ಆಚೀಚೆ ಇದ್ದ ಹಳ್ಳಿಗಳು ಅವು. ಯೋಜನೆ ಇದ್ದ ಊರುಗಳ ಬಡವರಲ್ಲಿ ಇಂಥ ರೋಗಗಳಿಂದ ಸತ್ತವರ ಪ್ರಮಾಣ ಶೇ. 0.32, ಇಲ್ಲದ ಊರುಗಳಲ್ಲಿ ಶೇ. 0.90. ಎರಡೂ ಕಡೆ ಒಂದೇ ಬಗೆಯ ಜನ, ಅದೇ ಹರಕೆ, ಅದೇ ಎಲುಬು ಕಟ್ಟುವವರು. ಎರಡೂವರೆ ವರ್ಷದಲ್ಲಿ ಒಂದು ಕಡೆಯವರ ಅಜ್ಞಾನ ಮಾತ್ರ ಕರಗಿತೇ? ಕರಗಿದ್ದು ಖರ್ಚು ಮತ್ತು ದೂರ.

ಆದರೂ ಸರ್ಕಾರಿ ಯೋಜನೆಯ ಕಾರ್ಡು ಎಲ್ಲವನ್ನೂ ಭರಿಸುವುದಿಲ್ಲ. ಈ ರೋಗದ ಚಿಕಿತ್ಸೆ ಒಂದು ಆಪರೇಷನ್ನಿಗೆ ಮುಗಿಯುವಂಥದ್ದಲ್ಲ. ಮೊದಲು ಕೆಲವು ಸುತ್ತು ಕೀಮೋ, ನಡುವೆ ಶಸ್ತ್ರಚಿಕಿತ್ಸೆ, ಆಮೇಲೆ ಮತ್ತೆ ಕೀಮೋ. ಮುಂಗಾರಿಗೆ ಶುರುವಾದರೆ ಬೇಸಿಗೆವರೆಗೆ. ಡಾಕ್ಸೊರೂಬಿಸಿನ್, ಸಿಸ್ಪ್ಲಾಟಿನ್ ಹಳೆಯ ಔಷಧಗಳು, ಇಲ್ಲೇ ತಯಾರಾಗುತ್ತವೆ. ಮನೆಯನ್ನು ಮುರಿಯುವುದು ಕೋಣೆಯ ಬಾಡಿಗೆ, ಊಟ, ರಕ್ತ ಕೊಡುವವರಿಲ್ಲದ ಪರಊರು, ಮತ್ತು ಊರಿನಲ್ಲಿ ಯಾರೂ ಇಲ್ಲದೆ ನಿಂತ ತೊಗರಿ ರಾಶಿ. ಅಪ್ಪ ಮಗನ ಜೊತೆ, ಅವ್ವ ಹೊಲದಲ್ಲಿ, ಅಕ್ಕನ ಮದುವೆಗೆ ಇಟ್ಟ ಬಂಗಾರ ಅಡವಿಗೆ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎ.ಸಿ.ಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗಾರನಿಗೆ ಶೇ. 75. ಭಾಲ್ಕಿಯಲ್ಲೇ ರೈಲು ನಿಲ್ದಾಣ ಇದೆ. ಇದು ಎಷ್ಟು ಮನೆಗಳಿಗೆ ಗೊತ್ತು? ಮುಂಬೈಯ ದಾದರಿನ ಗಾಡಗೆ ಮಹಾರಾಜರ ಧರ್ಮಶಾಲೆಯಲ್ಲಿ ಟಾಟಾ ಆಸ್ಪತ್ರೆಯ ರೋಗಿಗಳಿಗೆ ನೆಲೆ ಸಿಗುತ್ತದೆ. ಗಾಡಗೆ ಬಾಬಾರ ಹೆಸರು ನಮ್ಮ ಗಡಿ ಹಳ್ಳಿಗಳ ಮುದುಕರಿಗೆಲ್ಲ ಗೊತ್ತು, ಧರ್ಮಶಾಲೆಯ ವಿಷಯ ಮಾತ್ರ ಪರೇಲಿನ ಫುಟ್‌ಪಾತಿನಲ್ಲಿ ಮಲಗಿದ ಮೇಲೆ ತಿಳಿಯುತ್ತದೆ. ಮಕ್ಕಳ ಕ್ಯಾನ್ಸರ್‌ಗೆಂದು ಇರುವ ಅನೇಕ ನೆರವುಗಳು ಸಣ್ಣ ವಯಸ್ಸಿಗೇ ನಿಲ್ಲುತ್ತವೆ. 19ರ ಹುಡುಗ ಮಗುವೂ ಅಲ್ಲ, ದುಡಿದು ಹಣ ಕೂಡಿಟ್ಟ ಗಂಡಸೂ ಅಲ್ಲ.

ಒಂದು ಸುತ್ತು ಕೀಮೋ ಮುಗಿಸಿ ಊರಿಗೆ ಬಂದ ಒಂದೆರಡು ವಾರದೊಳಗೆ ಬಿಳಿ ರಕ್ತಕಣ ಕುಸಿಯುತ್ತದೆ. ಆಗ ಜ್ವರ ಬಂದರೆ ಕೆಲವು ತಾಸುಗಳೊಳಗೆ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಶುರುವಾಗಬೇಕು, ಇಲ್ಲದಿದ್ದರೆ ಕ್ಯಾನ್ಸರ್‌ಗಿಂತ ಮೊದಲು ಸೋಂಕೇ ಜೀವ ತೆಗೆಯಬಹುದು. ರಾತ್ರಿ ಎರಡಕ್ಕೆ ಜ್ವರ ಏರಿದ ಮಗನನ್ನು ಹತ್ತಿರದ ಆಸ್ಪತ್ರೆಗೆ ತಂದರೆ, "ಕೀಮೋ ಕೊಟ್ಟಲ್ಲಿಗೇ ಹೋಗ್ರಿ" ಎಂಬ ಉತ್ತರ. ಎರಡು ಸಲ ಹೀಗಾದ ಮೇಲೆ ಮೂರನೆಯ ಸುತ್ತಿಗೆ ಹೋಗಲು ಮನೆಯವರು ಹಿಂಜರಿದರೆ ದಾಖಲೆಯಲ್ಲಿ "ರೋಗಿ ಚಿಕಿತ್ಸೆ ಬಿಟ್ಟುಹೋದ" ಎಂದು ಬರೆಯುತ್ತಾರೆ. ಯಾರು ಯಾರನ್ನು ಬಿಟ್ಟರು ಎಂಬುದನ್ನು ಆ ವಾಕ್ಯ ತಿರುವುಮುರುವು ಮಾಡುತ್ತದೆ.

ನನ್ನ ವಾದಕ್ಕೆ ಎದುರಾಗಿ ಒಂದು ಮಾತು ಬರುತ್ತದೆ. ಕಾಲು ಕತ್ತರಿಸಲೇಬೇಕು ಎಂದಾಗ ಎಷ್ಟೋ ಮನೆಯವರು ಎದ್ದು ಊರಿಗೆ ಬರುತ್ತಾರೆ, ಬೇರು ನಾರಿನ ಔಷಧ ಹಿಡಿಯುತ್ತಾರೆ, ಅದೂ ಅಜ್ಞಾನವಲ್ಲವೇ ಎಂದು. ಆ ನಿರ್ಧಾರ ಜೀವಕ್ಕೆ ಮುಳುವು, ಅದನ್ನು ಸಮರ್ಥಿಸಲಾರೆ. ಆದರೆ ಆ ಹುಡುಗನಿಗೆ ಕಾಲು ಎಂದರೆ ನೇಗಿಲು, ಭರ್ತಿ, ಮದುವೆ ಎಲ್ಲವೂ. ಕೃತಕ ಕಾಲಿನಲ್ಲಿ ಹೊಲಕ್ಕೆ ಹೋಗುವ ಒಬ್ಬ ಮನುಷ್ಯನನ್ನೂ ಅವನು ಕಂಡಿಲ್ಲ. ಇವತ್ತು ಹಲವರಿಗೆ ಕಾಲು ಉಳಿಸುವ ದಾರಿ ಇದೆ. ರೋಗದ ಎಲುಬು ತೆಗೆದು ಲೋಹದ ಕೀಲು ಕೂರಿಸುತ್ತಾರೆ, ಅಥವಾ ತೆಗೆದ ಎಲುಬನ್ನೇ ಹೊರಗೆ ವಿಕಿರಣಕ್ಕೆ ಒಡ್ಡಿ ರೋಗ ಕೊಂದು ಮತ್ತೆ ಅದೇ ಜಾಗದಲ್ಲಿ ಕೂರಿಸುತ್ತಾರೆ. ಯಾರಿಗೆ ಇದು ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂಬುದನ್ನು ಅರ್ಧ ಗಂಟೆ ಕೂತು ಹೇಳಿದರೆ ಮನೆಯವರು ಕೇಳುತ್ತಾರೆ. ಹೇಳುವುದೂ ಹುಡುಗನಿಗೇ. ಅವನು ವಯಸ್ಕ, ಒಪ್ಪಿಗೆಯ ಕಾಗದಕ್ಕೆ ಸಹಿ ಅವನದು. ಆದರೆ ರೋಗದ ಹೆಸರನ್ನು ಅವನಿಂದ ಮುಚ್ಚಿಟ್ಟು "ಗಂಟಾಗ್ಯಾದ, ತೆಗೀತಾರ" ಎನ್ನುತ್ತಾರೆ. ಈ ಔಷಧಗಳಿಂದ ಮುಂದೆ ಮಕ್ಕಳಾಗದಿರಬಹುದು, ಕೀಮೋಗೆ ಮೊದಲೇ ವೀರ್ಯವನ್ನು ಶೇಖರಿಸಿ ಇಡಬಹುದು ಎಂಬುದನ್ನು ಡಾಕ್ಟರರೂ ಸಂಕೋಚದಿಂದ ಬಿಡುತ್ತಾರೆ, ಮನೆಯವರಿಗೂ ಹೊಳೆಯುವುದಿಲ್ಲ. ಐದು ವರ್ಷದ ನಂತರ ಹುಡುಗ ಬದುಕಿದ್ದು ಮದುವೆಯ ಮಾತು ಬಂದಾಗ ಅದು ತಿಳಿದರೆ ಏನು ಪ್ರಯೋಜನ?

ಜಾಗೃತಿ ಎಂದರೆ ಈಗ ತಂಬಾಕಿನ ವಿರುದ್ಧದ ಜಾಥಾ. ಅದು ಬೇಕು, ಬಾಯಿ ಕ್ಯಾನ್ಸರ್ ನಮ್ಮ ಸೀಮೆಯನ್ನೂ ಕಾಡುತ್ತಿದೆ. ಆದರೆ ಎಲುಬಿನ ಕ್ಯಾನ್ಸರ್‌ಗೂ ಗುಟ್ಕಾಕ್ಕೂ ಸಂಬಂಧವಿಲ್ಲ. ಅದನ್ನು ತಡೆಯುವ ಪಥ್ಯವಿಲ್ಲ, ಮೊದಲೇ ಹಿಡಿಯುವ ಸಾಮೂಹಿಕ ತಪಾಸಣೆಯೂ ಇಲ್ಲ. "ಏನು ಚಟ ಇತ್ತು ನಿನ್ನ ಮಗನಿಗೆ?" ಎಂದು ಓಣಿಯವರು ಕೇಳುವಾಗ ತಾಯಿ ಎರಡು ಸಲ ಶಿಕ್ಷೆ ಅನುಭವಿಸುತ್ತಾಳೆ. ತಡೆಯಲಾಗದಿದ್ದರೂ ಚಿಕಿತ್ಸೆಯಿಂದ ಗೆಲ್ಲಬಹುದಾದ ರೋಗ ಇದು. ಟೆರ್ರಿ ಫಾಕ್ಸನಿಗೆ ವೈದ್ಯರು ಬದುಕುವ ಸಾಧ್ಯತೆ ಶೇ. 50 ಎಂದಿದ್ದರು. ಎರಡು ವರ್ಷ ಹಿಂದೆ ಇದೇ ರೋಗ ಬಂದಿದ್ದರೆ, ಆಗಿನ ಚಿಕಿತ್ಸೆಯಲ್ಲಿ ಅದು ಶೇ. 15 ಇರುತ್ತಿತ್ತು ಎಂಬುದೂ ಅವನಿಗೆ ತಿಳಿಯಿತು. ಈಗ ರೋಗ ಬೇರೆಡೆಗೆ ಹಬ್ಬುವ ಮೊದಲೇ ಪೂರ್ತಿ ಚಿಕಿತ್ಸೆ ಸಿಕ್ಕವರಲ್ಲಿ ಮೂವರಲ್ಲಿ ಇಬ್ಬರು ಬದುಕುತ್ತಾರೆ. ಪುಪ್ಪುಸಕ್ಕೆ ಹೋದ ಮೇಲೆ ಆ ಲೆಕ್ಕ ತೀರ ಕೆಳಗಿಳಿಯುತ್ತದೆ.

ಭಾಲ್ಕಿ, ಔರಾದ, ಬೀದರದ ಡಾಕ್ಟರರಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ, ಶಾಲೆ ಕಾಲೇಜುಗಳ ಆಟದ ಮಾಸ್ತರರಲ್ಲಿ, ಎಲುಬು ಕಟ್ಟುವವರಲ್ಲೂ ನನ್ನ ಕೇಳಿಕೆ ಇದು. ಹತ್ತರಿಂದ ಇಪ್ಪತ್ತೈದರ ನಡುವಿನ ಹುಡುಗನಿಗೋ ಹುಡುಗಿಗೋ ಮೊಣಕಾಲಿನ ಹತ್ತಿರ ಅಥವಾ ಭುಜದಲ್ಲಿ ನೋವು ಎರಡು ವಾರ ದಾಟಿದರೆ, ಆರಾಮ ಮಾಡಿದರೂ ಇಳಿಯದಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಬಾವು ಕಂಡರೆ, ತಿಕ್ಕಬೇಡಿ, ಕೊಯ್ಯಬೇಡಿ, ಗೋಳಿ ಬದಲಿಸುತ್ತ ಕೂರಬೇಡಿ. ಅದೇ ದಿನ ಎಕ್ಸ್‌ರೇ ತೆಗೆಸಿ. ಸಂಶಯ ಇದ್ದರೆ ಯಾವ ಊರು, ಯಾವ ಆಸ್ಪತ್ರೆ, ಯಾವ ವಿಭಾಗ ಎಂದು ಕನ್ನಡದಲ್ಲಿ ಬರೆದು ಆ ತಂದೆಯ ಕೈಗೆ ಕೊಡಿ.